ತಂತಿ ಬಿಗಿದ ಕಾಯಿಲ್

ಬಹಳ ದಿನ ಮುಚ್ಚಿಟ್ಟ ಹಳೆಯ ಕಾರಿನ ಎ.ಸಿ. ಹಾಕಿದಾಗ ತಂಪಿಗಿಂತ ಮೊದಲು ವಾಸನೆ ಬರುತ್ತದೆ. ಒದ್ದೆ ಧೂಳು, ಸವೆದ ರಬ್ಬರು, ಒಂದಿಷ್ಟು ಎಣ್ಣೆ, ಅದರ ಹಿಂದೆ ಪಾಚಿಯಂಥದ್ದೇನೋ. ನೀವೂ ಅದನ್ನು ಮೂಸಿರಬಹುದು, ಮುಖ ಸಿಂಡರಿಸಿ ಗಾಜು ಇಳಿಸಿರಬಹುದು. ನಾನು ಇಳಿಸುವುದಿಲ್ಲ. ಆ ವಾಸನೆಗೆ ಮಾದನಾಯಕನಹಳ್ಳಿಯ ನಮ್ಮ ತಗಡಿನ ಶೆಡ್ಡು, ಅದರ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಕೋಣೆಯ ಮನೆ, ತುಮಕೂರು ರಸ್ತೆಯ ಲಾರಿಗಳಿಗೆ ಸದಾ ನಡುಗುತ್ತಿದ್ದ ಪಾತ್ರೆ ಸ್ಟ್ಯಾಂಡು ಎಲ್ಲ ಎದ್ದು ಬರುತ್ತವೆ. ಈಗ ಅಲ್ಲೊಂದು ಗೋದಾಮು ಇದೆ. ಶೆಡ್ಡು ಯಾವ ಮೂಲೆಯಲ್ಲಿತ್ತು ಎಂದು ಕಳೆದ ಸಲ ಹೋದಾಗ ನನಗೂ ತಮ್ಮನಿಗೂ ವಾದವೇ ಆಯಿತು.

ಅಪ್ಪ ಹಳೆಯ ಕಾರುಗಳ ಎ.ಸಿ. ರಿಪೇರಿ ಮಾಡುತ್ತಿದ್ದ. ಡ್ಯಾಶ್‌ಬೋರ್ಡಿನ ಕೆಳಗಿನ ಕೂಲಿಂಗ್ ಕಾಯಿಲ್ ಬಿಚ್ಚಿ, ತೂತು ಹುಡುಕಿ, ಬೆಸುಗೆ ಹಾಕಿ ಮತ್ತೆ ಕೂರಿಸುವುದು ಅವನ ಕಸುಬು. ಬೆಸುಗೆಯಾದ ಮೇಲೆ ಕಾಯಿಲ್‌ಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಬೇಕು. ಗುಳ್ಳೆ ಎದ್ದರೆ ಇನ್ನೂ ತೂತಿದೆ ಎಂದು. ಆ ಪರೀಕ್ಷೆ ಅಮ್ಮನ ಪಾಲಿನದು. ಬಟ್ಟೆ ನೆನೆಸುವ ಟಬ್ಬಿನಲ್ಲೇ ನಡೆಯುತ್ತಿತ್ತು. ಗಾಳಿ ಯಂತ್ರಕ್ಕೆ ಕರೆಂಟ್ ಬೇಕು, ಬೇಸಿಗೆಯ ಹಗಲಲ್ಲಿ ಅದು ಇರುತ್ತಿರಲಿಲ್ಲ, ಅಮ್ಮ ಕಾಯುವವಳೂ ಅಲ್ಲ. ಕಾಯಿಲ್‌ನ ಒಂದು ಬಾಯಿಗೆ ಬಿರಡೆ ಜಡಿದು, ಇನ್ನೊಂದಕ್ಕೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಕೆನ್ನೆ ಉಬ್ಬಿಸಿ ಊದಿ, ಟ್ಯೂಬನ್ನು ಮಡಚಿ ತಂತಿ ಬಿಗಿಯುತ್ತಿದ್ದಳು.

“ಬಾಯಿಂದ ಊದ್ಬ್ಯಾಡ ಅಂತ ಎಷ್ಟ್ ಸಲ ಹೇಳಿವ್ನಿ? ಉಸ್ರಲ್ಲಿ ತೇವ ಇರ್ತದೆ ಕಣೇ. ಐಸ್ ಕಟ್ಟಿ ಗ್ಯಾಸ್ ದಾರಿ ಮುಚ್ಕತದೆ,” ಎಂದು ಅಪ್ಪ ರೇಗುತ್ತಿದ್ದ.

“ಎಳ್ದಾಕಾಕೆ ನಿಮ್ ಪಂಪ್ ಐತಲ್ಲ ಸಾಮಿ! ಕರೆಂಟ್ ಬರೋಗಂಟ ಕೈ ಕಟ್ಕೊಂಡ್ ಕೂತಿರ್ಲಾ?”

ಪಂಪ್ ಇತ್ತು. ಗ್ಯಾಸ್ ತುಂಬುವ ಮುಂಚೆ ಅಪ್ಪ ಅದನ್ನು ಹಚ್ಚಿ, ಒಳಗಿನ ಗಾಳಿ, ತೇವ ಎಲ್ಲವನ್ನೂ ಗಂಟೆಗಟ್ಟಲೆ ಹೊರಗೆಳೆಯುತ್ತಿದ್ದ. ಅದರ ಗುರ್ ಸದ್ದಿನಲ್ಲೇ ನಾವು ಉಂಡೆವು, ಮಗ್ಗಿ ಕಲಿತೆವು.

ಅಮ್ಮ ಕೊನೆಯದಾಗಿ ಊದಿದ್ದು ಪಾಟೀಲ ಸಾರ್ ಅವರ ಅಂಬಾಸಡರಿನ ಕಾಯಿಲ್. ಅವರು ಬಿಜಾಪುರದ ಕಡೆಯವರು, ಅಪಾರ್ಟ್‌ಮೆಂಟಿನಲ್ಲಿದ್ದರೂ ತಂದೆಯ ಕಾಲದ ಕಾರು ಬಿಟ್ಟಿರಲಿಲ್ಲ. ಅಂದು ಅಮ್ಮ ಊದಿದ್ದನ್ನು ನಾನು ನೋಡಿದ್ದೆನೇ? ನನಗಾಗ ಹತ್ತು ವರ್ಷ. ಕಣ್ಣ ಮುಂದಿರುವ ಉಬ್ಬಿದ ಕೆನ್ನೆ ಬೇರೆ ಯಾವುದೋ ದಿನದ್ದಿರಬಹುದು. ಹಸಿರು ಸೀರೆ ಎನ್ನುತ್ತೇನೆ, ತಮ್ಮ ನೈಟಿ ಎನ್ನುತ್ತಾನೆ. ತಂತಿ ಬಿಗಿದ ಕಾಯಿಲ್ ಶೆಲ್ಫಿನ ಮೇಲಿದ್ದದ್ದು ಮಾತ್ರ ಇಬ್ಬರಿಗೂ ನೆನಪಿದೆ. ಮಾರನೆಯ ದಿನ ಅವಳಿಗೆ ಜ್ವರ ಬಂತು. ವಾರದೊಳಗೆ ಅಮ್ಮ ಇರಲಿಲ್ಲ. ಕಾಯಿಲ್ ಇತ್ತು, ಅದರೊಳಗೆ ಅವಳ ಉಸಿರಿತ್ತು.

ಒಂದು ತಿಂಗಳು ಅಪ್ಪ ಅದನ್ನು ಮುಟ್ಟಲಿಲ್ಲ. ಶೆಲ್ಫ್ ಒರೆಸುವಾಗಲೂ ಅದರ ಸುತ್ತ ಒರೆಸುತ್ತಿದ್ದ. ಕೊನೆಗೆ ಪಾಟೀಲ ಸಾರ್ ಬಂದರು. “ನಿಮ್ಮ ಸಂಕಟ ತಿಳೀತೈತ್ರೀ ಮಿಸ್ತ್ರಿ. ಆದ್ರ ಅವ್ವನ್ನ ಊರಿಗೆ ಕರ್ಕೊಂಡ್ ಹೋಗಬೇಕು. ಎಂಬತ್ತು ದಾಟಿದಾಕಿ, ಆ ಬಿಸಲಾಗ ತಡಕೊಳ್ಳಂಗಿಲ್ಲ.”

ಅಪ್ಪ ನಮಗೆ ಬೆನ್ನು ಹಾಕಿ ಕೂತು, ತಂತಿ ಬಿಚ್ಚಿದವನೇ ಕಾರಿನ ಪೈಪು ಜೋಡಿಸಿಬಿಟ್ಟ. ಒಂದು ಸಣ್ಣ ‘ಸ್’ ಕೇಳಿಸಿತು, ಅಷ್ಟೆ. ಆಮೇಲೆ ನೇರ ಗ್ಯಾಸ್ ಸಿಲಿಂಡರಿಗೆ ಕೈ ಹಾಕಿದ.

“ಪಂಪ್ ಹಾಕಿಲ್ಲ ಅಪ್ಪ.”

“ಕರೆಂಟಿಲ್ಲ ಪುಟ್ಟಿ.”

ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು.

ಮೂರನೆಯ ದಿನ ಅಂಬಾಸಡರ್ ವಾಪಸು ಬಂತು. ಪಾಟೀಲ ಸಾರ್ ನಗುತ್ತಲೇ ಇಳಿದರು. “ಏನ್ರೀ ಇದು, ಹತ್ತ್ ನಿಮಿಷ ಥಂಡಿ ಬರತೈತಿ, ನಿಂದರತೈತಿ, ಮತ್ತ ಬರತೈತಿ! ಒಳಗ ಯಾರರ ಕುಂತು ಉಸರಾಡಾಕತ್ತಾರೇನು?”

ಅಪ್ಪ ನಗಲಿಲ್ಲ. ಬಾನೆಟ್ ಎತ್ತಿ ಬಹಳ ಹೊತ್ತು ಬಗ್ಗಿಕೊಂಡೇ ನಿಂತ. ಹಿಂದಿನ ಸೀಟಿನಲ್ಲಿ ಅವರ ತಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು, ಮುಖ ಕೆಂಪಗಾಗಿತ್ತು. ಅಪ್ಪ ಅವರನ್ನೊಮ್ಮೆ ನೋಡಿದ. ತಾಯಿ ಮಗ ಇಬ್ಬರನ್ನೂ ನಮ್ಮ ಮನೆಯೊಳಗೆ ಕೂರಿಸಿ, ತುಂಬಿದ್ದ ಗ್ಯಾಸ್ ಹೊರಬಿಟ್ಟು, ಪಂಪಿನ ಪೈಪ್ ಸಿಕ್ಕಿಸಿದ. ಸ್ವಿಚ್ಚಿನ ತನಕ ಹೋಗಿ ವಾಪಸು ಬಂದ.

“ನೀನ್ ಹಾಕು ಪುಟ್ಟಿ. ನನ್ ಕೈಲಾಗಲ್ಲ.”

ನಾನು ಹಾಕಿದೆ. ಪಂಪ್ ಒಮ್ಮೆ ನಡುಗಿ ಶುರುವಾಯಿತು. ಅದರ ಹೊರಬಾಯಿಗೆ ಅಪ್ಪ ಅಂಗೈ ಹಿಡಿದ. ನಾನೂ ಪಕ್ಕದಲ್ಲಿ ಬೆರಳು ಚಾಚಿದೆ. ಬೆಚ್ಚಗೆ ಗಾಳಿ ಬರುತ್ತಿತ್ತು. ಮೀಟರಿನ ಮುಳ್ಳು ಇಳಿಯುತ್ತ ಹೋದಂತೆ ಅದು ತೆಳ್ಳಗಾಯಿತು, ಬಿಟ್ಟು ಬಿಟ್ಟು ಬಂತು, ನಿಂತಿತು. ನನ್ನ ಬೆರಳಿಗೆ ಏನೂ ತಾಕುತ್ತಿರಲಿಲ್ಲ. ಕೈ ಹಿಂದೆ ತೆಗೆದುಕೊಂಡೆ.

“ಆತೇನ್ರೀ?” ಪಾಟೀಲ ಸಾರ್ ಒಳಗಿನಿಂದ ಕೇಳಿದರು.

“ಇನ್ನೂ ಸ್ವಲ್ಪ ಐತೆ ಸಾರ್,” ಎಂದ ಅಪ್ಪ, ಅಂಗೈ ತೆಗೆಯದೆ.