ಕಾರಿನ ಕಣ್ಣು ತೆರೆಸಿದ ಗಿರಿಜಾಬಾಯಿ

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಚಹಾದಂಗಡಿಗಳ ಒಲೆ ಇನ್ನೂ ಹೊತ್ತಿಲ್ಲ. ಗಿರಿಜಾಬಾಯಿ ಆಗಲೇ ತಮ್ಮ ತಗಡಿನ ಶೆಡ್ಡಿನ ಮುಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಸುಟ್ಟುಹೋದ ಪಂಪ್ ಮೋಟರೊಂದನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಉಳಿಯಿಟ್ಟು ಸುತ್ತಿಗೆಯಿಂದ ಪೆಟ್ಟು ಕೊಡುತ್ತಾರೆ. ಕರಕಲಾದ ತಾಮ್ರದ ತಂತಿ ಹಿಡಿಹಿಡಿಯಾಗಿ ಕಿತ್ತು ಬರುತ್ತದೆ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿರುವ ಹಣಮಂತಪ್ಪ ಔರಾದ ಕಡೆಯ ಕುರಿಗಾರರು. ಮೋಟರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ಅಂಗಡಿ ತೆರೆಯುವುದನ್ನೇ ಕಾಯುತ್ತಿದ್ದವರು.

"ಇಂದ ಸಂಜಿಗಿ ಆಗ್ತದೇನ್ರಿ? ಕುರಿ ನೀರಿಲ್ದ ಒದರ್ಲಾಕತ್ತಾವ."

"ಆಗ್ತದ್ರಿ ಅಣ್ಣಾ. ಆದ್ರ ಬೋರಿನ್ಯಾಗ ನೀರ ಅದನೋ ಇಲ್ಲೋ ಮೊದಲ ನೋಡ್ಕೋರಿ. ನೀರಿಲ್ದ ತಿರುಗಿಸಿದ್ರ ಮತ್ತ ಸುಡ್ತದ. ನನ್ನ ತಂತಿನೂ ಹಾಳ, ನಿಮ್ಮ ಓಡ್ಯಾಟನೂ ಹಾಳ," ಎನ್ನುತ್ತಾರೆ ಗಿರಿಜಾಬಾಯಿ, ತಲೆ ಎತ್ತದೆ.

ಇದು 2016ರ ಏಪ್ರಿಲ್. ಎರಡು ವರ್ಷದಿಂದ ಮಳೆ ಕೈಕೊಟ್ಟಿದೆ, ಮಾಂಜ್ರಾ ನದಿಯ ಪಾತ್ರದಲ್ಲಿ ದನ ಓಡಾಡುತ್ತಿವೆ. ಬೋರ್‌ವೆಲ್‌ಗಳಲ್ಲಿ ನೀರು ಪಾತಾಳಕ್ಕಿಳಿದಂತೆಲ್ಲ ಒಣಗಿದ ಕೊಳವೆಯಲ್ಲಿ ತಿರುಗಿ ತಿರುಗಿ ಮೋಟರುಗಳು ಸುಡುತ್ತವೆ. ಸುಟ್ಟವು ಬೀದರ, ಔರಾದ, ಕಮಠಾಣದಿಂದಲೂ ಈ ಶೆಡ್ಡಿಗೆ ಬರುತ್ತವೆ. ಮಳೆ ಚೆನ್ನಾದ ವರ್ಷ ದಿನಕ್ಕೊಂದು ಫ್ಯಾನೋ ಮಿಕ್ಸರೋ ಸಿಕ್ಕರೆ ಹೆಚ್ಚು. ಈ ವರ್ಷ ನಾಲ್ಕೈದು ಮೋಟರು ಸಾಲಾಗಿ ಬಿದ್ದಿರುತ್ತವೆ. ಹಳೆಯ ತಂತಿ ಕೀಳಬೇಕು, ಒಳಗಿನ ಸಂದುಗಳಿಗೆ ಹೊಸ ಕಾಗದ ಸೇರಿಸಬೇಕು, ಹೊಸ ತಂತಿ ಸುತ್ತಿ ಕೂಡಿಸಬೇಕು. ಐವತ್ತನಾಲ್ಕರ ಗಿರಿಜಾಬಾಯಿಯ ಎರಡೂ ಹೆಬ್ಬೆರಳಿನ ಚರ್ಮ ಹಲಗೆಯಂತೆ ಗಡುಸಾಗಿದೆ.

"ಮಂದಿಗಿ ತ್ರಾಸ ಆದಾಗ ನನಗ ಕೆಲಸ ಸಿಗ್ತದರಿ. ಊಟಕ್ಕ ಕೂತಾಗ ಅದ ನೆನಪಾದ್ರ ತುತ್ತ ಇಳಿಯಂಗಿಲ್ಲ," ಎನ್ನುತ್ತಾರೆ. ಗಂಡ ಮಾಣಿಕ ತೂಕದ ಮೋಟರುಗಳನ್ನು ಎತ್ತಿ ಇಳಿಸುತ್ತಾರೆ, ಗಿರಾಕಿಗಳ ಜೊತೆ ಮಾತಾಡುತ್ತಾರೆ. ತಂತಿ ಸುತ್ತುವುದು ಮಾತ್ರ ಹೆಂಡತಿಯೇ. ಅಂಗಡಿ ಹಾಕಿದ ಹೊಸದರಲ್ಲಿ, ಹೆಣ್ಣುಮಗಳ ಕೈಗೆ ಮೋಟರು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರಂತೆ. ಆಗ ಆಕೆ ಶೆಡ್ಡಿನ ಒಳಗೆ ಪರದೆಯ ಹಿಂದೆ ಕೂತು ಕೆಲಸ ಮಾಡುತ್ತಿದ್ದರು, ಮಾಣಿಕ ಹೊರಗೆ ನಿಂತು ತಾವೇ ಮಾಡಿದಂತೆ ಕೊಡುತ್ತಿದ್ದರು. "ಒಂದ ವರ್ಷ ನಾಟಕ ಆಡೀವ್ರಿ. ಆಮ್ಯಾಲ ನಾನೇ ಪರದಾ ಹರದ ಒಗದೆ, ನನಗೂ ನಾಚಿಕಿ ಬಂತು," ಎಂದು ಮಾಣಿಕ ನಗುತ್ತಾರೆ.

ಈ ಕೈಕಸುಬು ಆಕೆಗೆ ಬಂದದ್ದೂ ಬರದಿಂದಲೇ. ತವರು ಭಾಲ್ಕಿ ತಾಲ್ಲೂಕಿನ ಸಾಯಗಾಂವ. 1972ರ ಬರದಲ್ಲಿ ತಾಯಿ ಜನಾಬಾಯಿ ಹತ್ತು ವರ್ಷದ ಮಗಳ ಕೈಹಿಡಿದು ಇದೇ ಭಾಲ್ಕಿ ಸ್ಟೇಷನ್ನಿನಿಂದ ರೈಲು ಹತ್ತಿದರು. ಪುಣೆಯಲ್ಲಿ ತಾಯಿ ಜಲ್ಲಿಕಲ್ಲು ಒಡೆದರು, ಆಮೇಲೆ ಮನೆಮನೆಯ ಮುಸುರೆ ತಿಕ್ಕಿದರು. ಗಿರಿಜಾ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ತಾಯಿಯ ಜೊತೆಯಾದರು. ಇಪ್ಪತ್ತು ದಾಟಿದ ಮೇಲೆ ಊರ ಹೊರಗಿನ ಒಂದು ಶೆಡ್ಡಿನಲ್ಲಿ ಸಣ್ಣ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಸಿಕ್ಕಿತು. ಸಾಲಾಗಿ ಹೆಂಗಸರು, ಎಲ್ಲರೂ ಊರು ಬಿಟ್ಟು ಬಂದವರೇ. ಅಲ್ಲಿಯ ಕ್ಯಾಂಟೀನಿನಲ್ಲಿದ್ದ ಮಾಣಿಕ ಅವರೂ ಸಾಯಗಾಂವದವರೇ. ಮದುವೆಯೂ ಅಲ್ಲೇ ಆಯಿತು.

ಒಂದು ದಿನ ಶೆಡ್ಡಿಗೆ ಹೊಸ ಕೆಲಸ ಬಂತು. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಮೋಟರು. ಮಾಲು ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತದೆ, ಕಾರಿನ ಮೂತಿಯೊಳಗೆ ಕೂರುತ್ತದೆ, ಸ್ವಿಚ್ ಹಾಕಿದರೆ ಮುಚ್ಚಿಕೊಂಡಿದ್ದ ದೀಪವನ್ನು ಮೇಲೆತ್ತುತ್ತದೆ ಎಂದು ಮೇಸ್ತ್ರಿ ಹೇಳಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. "ಕಾರಿಗಿ ಕಣ್ಣ ರೆಪ್ಪಿ ಇರ್ತಾವೇನ್ರಿ ಅಂತ ಕೇಳಿದ್ವಿ. ಆವಾಗ ಅವ ಒಂದ ಫೋಟೋ ತೋರಿಸಿದ. ಅದರಾಗ ಕಾರ ಕಣ್ಣ ಮುಚಗೊಂಡ ನಿಂತಿತ್ತು. ತೆರದದ್ದ ಫೋಟೋ ಇರಲಿಲ್ಲ."

ಅದು ಅಂಥ ಕಾರುಗಳ ಹುರುಪಿನ ಕಾಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ವೇಗದ ಕಾರಿನ ಮೂತಿ ಚೂಪಾಗಿ, ನೆಲಕ್ಕೆ ತಗ್ಗಿ ಇರಬೇಕೆಂಬ ಷೋಕಿ ಹಬ್ಬಿತ್ತು. ದೀಪ ಮಾತ್ರ ನೆಲದಿಂದ ಇಂತಿಷ್ಟು ಎತ್ತರದಲ್ಲಿರಬೇಕೆಂದು ಅಮೆರಿಕದಂಥ ಕಡೆ ಕಾಯಿದೆ. ಹಗಲು ದೀಪವನ್ನು ಒಳಗೆ ಮಡಚಿಟ್ಟು ಕತ್ತಲಾದಾಗ ಎತ್ತುವ ಉಪಾಯದಿಂದ ಎರಡೂ ಸಾಧ್ಯವಾಯಿತು. ಮುಂದೆ ಯಾವ ಆಕಾರಕ್ಕೆ ಬೇಕೋ ಆ ಆಕಾರಕ್ಕೆ ಅಚ್ಚೊತ್ತಿದ ಪ್ಲಾಸ್ಟಿಕ್ಕಿನ ದೀಪಗಳು ಬಂದವು. ಚೂಪು ಮೂತಿಯಲ್ಲೂ ಅವು ಕೂತವು. ಹಗಲಲ್ಲೂ ದೀಪ ಉರಿಯಲಿ ಎಂದು ಕೆಲವು ದೇಶಗಳು ಹೇಳಿದವು. ಎದ್ದು ನಿಂತ ದೀಪ ಪಾದಚಾರಿಗಳಿಗೆ ಬಡಿದರೆ ಗಾಯ ಹೆಚ್ಚು ಎಂಬ ಮಾತು ಬಂತು. ಮೋಟರಿನ ಖರ್ಚು, ತೂಕ, ಕೆಟ್ಟಾಗಿನ ಗೋಳು ಬೇರೆ. ಹೊಸ ಶತಮಾನದ ಮೊದಲ ಕೆಲವು ವರ್ಷಗಳಲ್ಲಿ ರೆಪ್ಪೆ ತೆರೆಯುವ ಕಾರು ತಯಾರಾಗುವುದೇ ನಿಂತಿತು.

ಪುಣೆಯ ಶೆಡ್ಡಿಗೆ ಈ ಯಾವ ಸುದ್ದಿಯೂ ಮುಟ್ಟಲಿಲ್ಲ. "ಯಾಕ ನಿಂತದ ಅಂತ ನಮಗ ಯಾರೂ ಹೇಳಲಿಲ್ರಿ. ಒಂದ ದಿನ ತಂತಿ ಬರಲಿಲ್ಲ, ಅಷ್ಟೇ. ನಾಳಿ ಬರಬ್ಯಾಡ್ರಿ ಅಂದ್ರು." ಗಂಡ ಹೆಂಡತಿ ಭಾಲ್ಕಿಗೆ ಮರಳಿ ಈ ತಗಡಿನ ಶೆಡ್ಡು ಹಾಕಿದರು. ಪುಣೆಯಲ್ಲಿ ಏನು ಕೆಲಸ ಮಾಡುತ್ತಿದ್ದಿ ಎಂದು ಕೇಳಿದವರಿಗೆಲ್ಲ ಗಿರಿಜಾಬಾಯಿ ಇದ್ದದ್ದನ್ನೇ ಹೇಳಿದರು. ಒಬ್ಬರೂ ನಂಬಲಿಲ್ಲ. ಸಾಯಗಾಂವದಲ್ಲಿರುವ ನೆಗೆಣ್ಣಿ, ಮಾಣಿಕ ಅವರ ಅಣ್ಣನ ಹೆಂಡತಿ ಶಾಲುಬಾಯಿ, ನೆಂಟರ ನಡುವೆ ರೆಪ್ಪೆ ಪಟಪಟ ಬಡಿದು ತೋರಿಸಿ, "ಪುಣೇದ ಕಾರ ಬಂತ ನೋಡ್ರಿ" ಎಂದು ನಗಿಸುತ್ತಿದ್ದರು. ಗಿರಿಜಾಬಾಯಿಯೂ ಜೊತೆಗೆ ನಗುತ್ತಿದ್ದರು. ಕೊನೆಗೆ ಆ ಮಾತು ಆಡುವುದನ್ನೇ ಬಿಟ್ಟರು. "ನಾನರೇ ಎಲ್ಲಿ ನೋಡೀನಿ? ಮೇಸ್ತ್ರಿನೇ ನಮಗ ಮಳ್ಳ ಮಾಡಿದ್ದನೋ ಏನೋ ಅಂತ ನನಗೂ ಅನಸ್ಲಾಕತ್ತಿತ್ರಿ."

ಹೋದ ತಿಂಗಳು ಬೀದರದ ಅಬ್ದುಲ ವಾಹೀದ ಶೆಡ್ಡಿನ ಮುಂದೆ ಕೆಂಪು ಬಣ್ಣದ ಎರಡು ಬಾಗಿಲಿನ ಹಳೆಯ ಕಾರು ನಿಲ್ಲಿಸಿದರು. ಅವರ ತಂದೆ ದುಬೈಯಲ್ಲಿ ದುಡಿದು, ಮರಳುವಾಗ ಹಡಗಿನಲ್ಲಿ ತಂದ ಜಪಾನಿ ಕಾರು. ಮದುವೆಯ ಮೆರವಣಿಗೆಗೆ ಬಾಡಿಗೆ ಹೋಗುತ್ತದೆ. ಅದರ ಬಲಗಡೆಯ ದೀಪ ಎದ್ದು ನಿಂತಿತ್ತು, ಎಡಗಡೆಯದು ಮುಚ್ಚಿತ್ತು.

"ಹೈದ್ರಾಬಾದ್ ಪೂರಾ ತಿರಗೀನಿ ಅಕ್ಕಾ, ಇದರ ಸಾಮಾನ ಎಲ್ಲೂ ಸಿಗಂಗಿಲ್ಲ. ಒಂಟಿಗಣ್ಣಿನ ಗಾಡಿ ಮದಿವಿಗಿ ಬ್ಯಾಡ ಅಂತಾರ ಮಂದಿ. ನಿಮ್ಮಿಂದಾದ್ರ ಛಲೋ. ಇಲ್ಲಂದ್ರ ಗುಜರಿಗಿ ಹಾಕ್ತೀನಿ," ಎಂದರು.

ಗಿರಿಜಾಬಾಯಿ ಕಾರಿನ ಮುಂದೆ ಮಂಡಿಯೂರಿ ಕೂತು, ಮೇಲೆದ್ದ ದೀಪವನ್ನೇ ನೋಡುತ್ತಿದ್ದರು. "ಎಷ್ಟೊತ್ತಾದ್ರೂ ಎದ್ದೇಳಲಿಲ್ಲ ಆಕಿ. ಆರಾಮ ಇಲ್ಲೇನು ಅಂತ ಕೇಳ್ದೆ. ಖರೇ ಇತ್ತಲ್ರಿ ಅಂದ್ಳು," ಎಂದು ಮಾಣಿಕ ನೆನೆಯುತ್ತಾರೆ.

ಮೋಟರು ಬಿಚ್ಚಿದಾಗ ಒಳಗಿನ ತಂತಿ ಕಪ್ಪಾಗಿತ್ತು. ಅದು ಪುಣೆಯ ಮಾಲಾಗಿರಲಿಲ್ಲ, ಜಪಾನಿನಲ್ಲೇ ಯಂತ್ರ ಸುತ್ತಿದ್ದು. ಆದರೂ ಆಕಾರ ಬೆರಳಿಗೆ ಗುರುತಿತ್ತು. ಪಂಪಿನ ತಂತಿ ಇದಕ್ಕೆ ದಪ್ಪ, ಫ್ಯಾನಿನದು ತೆಳುವು. ಮಾಣಿಕ ಗುಜರಿಯಲ್ಲಿ ಹುಡುಕಿ ಹಳೆಯ ಜೀಪೊಂದರ ವೈಪರ್ ಮೋಟರು ತಂದರು. ಅದರ ತಂತಿ ಸರಿಹೋಯಿತು. ಪಂಪ್ ಮೋಟರುಗಳ ಕೆಲಸ ಬದಿಗಿಡುವಂತಿರಲಿಲ್ಲ, ಅವುಗಳ ಹಿಂದೆ ಊರುಗಳ ನೀರಿತ್ತು. ಹಾಗಾಗಿ ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತು ಸ್ವಲ್ಪ ಸ್ವಲ್ಪವೇ ಸುತ್ತಿದರು.

ಕೂಡಿಸಿ ಸ್ವಿಚ್ ಹಾಕಿದ ದಿನ ರಸ್ತೆಯಲ್ಲಿ ಜನ ಸೇರಿದ್ದರು. ಎಡದ ದೀಪ ಎದ್ದಿತು. ಎದ್ದದ್ದು ನಿಲ್ಲದೆ ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು. "ಗಾಡಿ ಕಣ್ಣ ಹೊಡಿಲಾಕತ್ತದ ನೋಡ್ರಿ!" ಎಂದು ಯಾರೋ ಕೂಗಿದರು. ರಸ್ತೆಯೆಲ್ಲ ನಗು. ವಾಹೀದರ ಮುಖ ಸಣ್ಣದಾಯಿತು. ಗಿರಿಜಾಬಾಯಿ ತಾವು ಸುತ್ತಿದ್ದೇ ತಪ್ಪಿತೆಂದುಕೊಂಡು ಮತ್ತೆ ಎಲ್ಲ ಬಿಚ್ಚಿದರು. ತಂತಿ ಸರಿಯಿತ್ತು. ದೀಪ ಮೇಲೆ ಬಂದೊಡನೆ ಮೋಟರನ್ನು ನಿಲ್ಲಿಸುವ ಪುಟ್ಟ ತಗಡಿನ ಮೇಲೆ ಹಳೆಯ ಗ್ರೀಸು ಗಟ್ಟಿಯಾಗಿ ಕೂತಿತ್ತು. ಪೆಟ್ರೋಲಿನಲ್ಲಿ ತೊಳೆದು, ಮರಳುಕಾಗದದಿಂದ ತಿಕ್ಕಿ ಹಾಕಿದರು. ಈ ಸಲ ಎರಡೂ ದೀಪ ಒಟ್ಟಿಗೆ ಎದ್ದು ನಿಂತವು. ಗಿರಿಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮಿ ಹಾಕ್ರಿ ಭಾಯ್," ಎಂದರು. ವಾಹೀದ ಇನ್ನೊಮ್ಮೆ ಹಾಕಿದರು. ಸಾಕು ಎನ್ನುವವರೆಗೂ ಹಾಕಿದರು.

ಆ ಸಂಜೆ, ಹೊತ್ತು ಮುಳುಗುವ ಮುನ್ನ, ವಾಹೀದ ಗಂಡಹೆಂಡತಿಯನ್ನು ಕೂರಿಸಿಕೊಂಡು ಸಾಯಗಾಂವಕ್ಕೇ ಕಾರು ಬಿಟ್ಟರು. ಮಾಣಿಕ ಅವರದೇ ಒತ್ತಾಯ. ಹಿತ್ತಲಿಂದ ಬಂದ ಶಾಲುಬಾಯಿ ಕೊಡ ಕೆಳಗಿಟ್ಟು ನೋಡುತ್ತ ನಿಂತರು. ದೀಪ ಎದ್ದವು. ಆಕೆ ನಗಲಿಲ್ಲ. ಹತ್ತಿರ ಬಂದು ಒಂದು ದೀಪವನ್ನು ಅಂಗೈಯಿಂದ ಸವರಿದರು.

"ನೀವು ಊರ ಬಿಟ್ಟ ಹೋದವ್ರು ಗಿರಿಜಾ. ನಾನು ಇಲ್ಲೇ ಉಳದು, ಹೊಳ್ಯಾಗ ಕುಣಿ ತೋಡಿ ಬಟ್ಟಲಲೇ ನೀರ ತುಂಬಿದಾಕಿ. ನೀವು ಏನ ಹೇಳಿದ್ರೂ ನನಗ ಕಥಿ ಅನ್ನಿಸ್ತಿತ್ತು. ಸಿಟ್ಟ ಇತ್ತು ನನಗ."

"ನನಗ ಗೊತ್ತಿತ್ತಕ್ಕಾ," ಎಂದರು ಗಿರಿಜಾಬಾಯಿ.

ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಹೊರಡುವಾಗ ಶಾಲುಬಾಯಿ ಆ ಕಾರಿನಲ್ಲಿ ಊರ ಅಗಸಿಬಾಗಿಲ ತನಕ ಕೂತು ಹೋಗಿ, ನಡೆದು ಮನೆಗೆ ಮರಳಿದರಂತೆ.

ಈಗ ಬಲಗಡೆಯ ಮೋಟರನ್ನೂ ಒಮ್ಮೆ ನೋಡಿಕೊಡಿ ಎಂದು ವಾಹೀದ ಕೇಳಿದ್ದಾರೆ. ಮಳೆಗಾಲ ಹಿಡಿದು ಪಂಪುಗಳು ಬರುವುದು ಕಮ್ಮಿಯಾದ ಮೇಲೆ ತನ್ನಿ ಎಂದಿದ್ದಾರೆ ಗಿರಿಜಾಬಾಯಿ. ಕೂಲಿಯ ಜೊತೆ ಇನ್ನೇನಾದರೂ ಬೇಡಿದಿರಾ ಎಂದು ಕೇಳಿದರೆ, ಕೈಯಲ್ಲಿನ ತಂತಿಯನ್ನು ಬಿಗಿಯಾಗಿ ಎಳೆದು ಗಂಟು ಹಾಕುತ್ತ, ಸ್ವಲ್ಪ ನಾಚಿ ಹೇಳುತ್ತಾರೆ:

"ಪುಣೇದಾಗ ನನ್ನ ಬಾಜೂಕ ಕೂಡ್ತಿದ್ದಾಕಿ ಮೀರಾಬಾಯಿ ಅಂತ, ಈಗ ಔರಾದದಾಗ ಮಗಳ ಮನ್ಯಾಗ ಇದ್ದಾಳ್ರಿ. ಆ ಕಡಿ ಮದಿವಿ ಬಾಡಿಗಿ ಬಂದ್ರ ಆಕಿ ಮನಿ ಮುಂದ ಜರಾ ಗಾಡಿ ನಿಂದರಿಸ್ರಿ ಅಂತ ವಾಹೀದ ಭಾಯಿಗಿ ಹೇಳೀನಿ. ಆಕಿಗಿ ಮೊಳಕಾಲ ನೋವ ಅದ, ಬಾಗಲಿಗಿ ಬರ್ಲಾಕ ವ್ಯಾಳ್ಯಾ ಹಿಡಿತದ. ಆಕಿ ಹೊರಗ ಬಂದು ನಿಲ್ಲೋತನಕ ದೀಪ ಎತ್ತಬ್ಯಾಡ್ರಿ ಅಂತನೂ ಹೇಳೀನಿ. ಏಳೂದು ನೋಡಬೇಕಲ್ರಿ ಆಕಿ."