ಪಿಕಪ್‌ಗೆ ಮೆತ್ತಿದ ಕಣಕ

ನಾನು ಚಿಕ್ಕವಳಿದ್ದಾಗ ಬಂದ ಒಂದು ಸಿಟ್ಟು ಇನ್ನೂ ಇಳಿದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ನಮ್ಮ ಅಬ್ಬಾ ಇಂಡಿ ಪಟ್ಟಣದಲ್ಲಿ ಒಬ್ಬ ನಿಂಬೆ ವ್ಯಾಪಾರಿಯ ಪಿಕಪ್ ಓಡಿಸುತ್ತಿದ್ದರು. ಪೆಟ್ರೋಲಿನ ಹಳೆಯ ಗಾಡಿ. ಅಗರಖೇಡದ ತೋಟಗಳಿಂದ ನಿಂಬೆ ಚೀಲ ತುಂಬಿಕೊಂಡು ಮಾರುಕಟ್ಟೆಗೆ ತರುವುದು ಅವರ ಕೆಲಸ. ಶಾಲೆಗೆ ರಜೆ ಇದ್ದ ದಿನ ನಾನು ಅವರ ಪಕ್ಕದ ಸೀಟಿನಲ್ಲೇ ಇರುತ್ತಿದ್ದೆ. ಕಾದ ಎಂಜಿನ್ನು, ಪೆಟ್ರೋಲು, ಹಿಂದಿನಿಂದ ಬರುವ ನಿಂಬೆಯ ಹುಳಿವಾಸನೆ, ಎಲ್ಲ ಸೇರಿ ಮೂಗಿಗೆ ಹಬ್ಬ.

ವಾರದ ಹಿಂದೆ ಗಾಡಿ ರಿಪೇರಿಯ ಮಿಸ್ತ್ರಿ ಸರ್ವಿಸ್ ಮಾಡಿಕೊಟ್ಟಿದ್ದ. ಅಂದಿನಿಂದ ಗಾಡಿಗೆ ರೋಗ ಹತ್ತಿತ್ತು. ಜೋರಾಗಿ ಹೋಗುವಾಗ ಏನೂ ಇಲ್ಲ. ಕುರಿ ಅಡ್ಡ ಬಂತೆಂದೋ ತಿರುವು ಬಂತೆಂದೋ ಅಬ್ಬಾ ವೇಗ ಇಳಿಸಿದರೆ ಸಾಕು, ಎಂಜಿನ್ ಎರಡು ಸಲ ನಡುಗಿ ಬಂದ್. ಆ ದಿನ ಬೆಳಿಗ್ಗೆ ಮಾರುಕಟ್ಟೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಹಿಂದೆ ಗಾಡಿಗಳ ಸಾಲು, ಹಾರ್ನು, ಬೈಗುಳ. ಮಾಲೀಕ ಎಲ್ಲರ ಎದುರು ಅಬ್ಬಾನ ಮೇಲೆ ಕೂಗಾಡಿದ.

“ಗಾಡಿ ಹೊಡಿಯಾಕ ಬರಂಗಿಲ್ಲ ನಿನಗ! ಮಿಸ್ತ್ರಿ ಎಲ್ಲಾ ಬಿಚ್ಚಿ ತೊಳದಾನ, ಗಾಡ್ಯಾಗ ಏನೂ ಇಲ್ಲ ಅಂತಾನ. ಸಂಜೀಕ ಮತ್ತ ಹಿಂಗ ಬಂದ್ ಬಿತ್ತಂದ್ರ ಕೀಲಿ ಇಟ್ಟು ನಡಿ.”

ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವರು ತಲೆ ತಗ್ಗಿಸಿ ನಿಂತರು. ನನಗೆ ಮೈಯೆಲ್ಲ ಉರಿಯಿತು.

ಮನೆ ಮುಂದೆ ಗಾಡಿ ನಿಲ್ಲಿಸಿ ಅಬ್ಬಾ ಬಾನೆಟ್ ಎತ್ತಿದರು. ಪ್ಲಗ್ ನೋಡಿದರು, ಪೆಟ್ರೋಲಿನ ಪೈಪು ಊದಿದರು. ನಾನು ಒಳಗೆ ಕುಳಿತು ಅವರು ಹೇಳಿದಾಗ ಕೀಲಿ ತಿರುಗಿಸುತ್ತಿದ್ದೆ. ಎಂಜಿನ್ ನಡುಗಿದಾಗ ಚೋಕನ್ನು ಅರ್ಧ ಎಳೆದೆ. ಬದುಕಿತು. ಬಿಟ್ಟೆ, ಸತ್ತಿತು. ಚೋಕ್ ಎಳೆದರೆ ಎಂಜಿನ್ನಿಗೆ ಗಾಳಿ ಕಡಿಮೆಯಾಗುತ್ತದೆ ಎಂದು ಅಬ್ಬಾನೇ ಕಲಿಸಿದ್ದರು. ಹಾಗಾದರೆ ಬೇಡದ ಗಾಳಿ ಎಲ್ಲಿಂದಲೋ ನುಗ್ಗುತ್ತಿರಬೇಕು.

“ಅಬ್ಬಾ, ಎಲ್ಲ್ಯೋ ಕಳ್ಳಗಾಳಿ ಹೊಕ್ಕಾಕತ್ತೈತ್ರಿ.”

“ಸುಮ್ನ ಕುಂಡ್ರು. ಮಿಸ್ತ್ರಿಗಿಂತ ಶಾಣ್ಯಾಕಿ ಏನ್ ನೀ?”

ಸುಮ್ಮನೆ ಕೂರುವುದು ನನ್ನಿಂದ ಆಗುವ ಕೆಲಸವಲ್ಲ. ಒಳಗೆ ಅಕ್ಕ ಚಪಾತಿಗೆ ಕಣಕ ನಾದುತ್ತಿದ್ದಳು. ನಮ್ಮ ಮದುವೆಗಳಲ್ಲಿ ಬಿರಿಯಾನಿಯ ದೊಡ್ಡ ಪಾತ್ರೆಗೆ ಮುಚ್ಚಳ ಹಾಕಿ, ಹಬೆ ಹೋಗದ ಹಾಗೆ ಸುತ್ತ ಕಣಕ ಮೆತ್ತುತ್ತಾರೆ. ಹಬೆ ಹೋಗದ ಕಡೆ ಗಾಳಿ ಹೇಗೆ ಬಂದೀತು? ಅಕ್ಕ ಬೈಯುತ್ತಿದ್ದರೂ ಒಂದು ಮುದ್ದೆ ಕಿತ್ತುಕೊಂಡು ಓಡಿದೆ. ಗಾಳಿ, ಪೆಟ್ರೋಲು ಬೆರೆಸುವ ಕಾರ್ಬೋರೇಟರನ್ನೂ ಮಿಸ್ತ್ರಿ ಬಿಚ್ಚಿದ್ದ. ಅದು ಎಂಜಿನ್ನಿಗೆ ಕೂಡುವ ಸಂದಿಗೆ ಸುತ್ತಲೂ ಮೆತ್ತಿದೆ. ಬೆರಳು ಚುರ್ ಎಂದಿತು. “ಈಗ ಚಾಲೂ ಮಾಡ್ರಿ” ಎಂದೆ.

ಎಂಜಿನ್ ಒಂದೇ ಸಮನೆ ಗುರುಗುಟ್ಟಿತು. ಅಬ್ಬಾ ಕಣಕ ಕಿತ್ತರು, ಬಂದ್ ಆಯಿತು. ಮತ್ತೆ ಮೆತ್ತಿದರು, ನಿಲ್ಲದೆ ನಡೆಯಿತು. ನೇರ ಮಿಸ್ತ್ರಿಯ ಅಂಗಡಿಗೆ ಹೋಗಿ ಬಿಚ್ಚಿಸಿದರೆ, ಆ ಸಂದಿಯಲ್ಲಿ ಗಾಳಿ ತಡೆಯುವ ಪ್ಯಾಕಿಂಗ್ ಪಟ್ಟಿ ಹರಿದಿತ್ತು. ತೊಳೆಯಲು ಬಿಚ್ಚಿದಾಗ ಹರಿದು, ಹರಿದದ್ದನ್ನೇ ಮತ್ತೆ ಹಾಕಿದ್ದ ಪುಣ್ಯಾತ್ಮ! ನಾಚಿಕೆಯಿಲ್ಲದೆ ಹೊಸದು ಹಾಕಿಕೊಟ್ಟ.

ಸಂಜೆ ಮಾರುಕಟ್ಟೆಯ ಬಾಗಿಲಲ್ಲಿ ಗಾಡಿ ಮೆಲ್ಲಗೆ ತಿರುಗಿತು, ನಿಲ್ಲಲಿಲ್ಲ. ರೋಗ ಯಾರು ಹಿಡಿದರೆಂದು ಮಾಲೀಕ ಕೇಳಿದ.

“ಮಿಸ್ತ್ರಿ ಹಿಡದಾನ್ರಿ” ಎಂದರು ಅಬ್ಬಾ.

ನಾನು ಸೀಟಿನಿಂದ ಜಿಗಿದೆ. “ಸುಳ್ಳು! ಹುಡುಕಿದಾಕಿ ನಾ!”

ಮಾಲೀಕ ನಕ್ಕ. ಹಮಾಲರು ನಕ್ಕರು. ಅಬ್ಬಾ ಕೂಡ ಅವರ ಜೊತೆ ನಕ್ಕರು. ಬೆರಳಿನ ಬೊಬ್ಬೆಗಿಂತ ಆ ನಗು ಹೆಚ್ಚು ಉರಿಯಿತು.

ಯಾಕೆ ಸುಳ್ಳು ಹೇಳಿದಿರೆಂದು ದಾರಿಯಲ್ಲಿ ಕೇಳಿದೆ. “ನೌಕರಿ ಉಳೀತಲ್ಲವಾ” ಎಂದರು.

“ನನ್ನಿಂದ ಉಳೀತು ಅನ್ರಿ.”

ಅವರು ರಸ್ತೆ ನೋಡುತ್ತ ಗಾಡಿ ಓಡಿಸಿದರು. ಸಾಯುವ ತನಕ ಆ ಮಾತು ಆಡಲಿಲ್ಲ. ನನ್ನ ಮೇಲೆ ಜೀವ ಇಟ್ಟುಕೊಂಡಿದ್ದರು, ಅದು ಬೇರೆ ಮಾತು.

ಈಗ ನಿಮ್ಮ ಕಾಲ, ಮೊಮ್ಮಕ್ಕಳೇ. ಗಾಡಿಗೆ ವೈರು ಚುಚ್ಚಿದರೆ ಏನು ಕೆಟ್ಟಿದೆಯೆಂದು ಮೊಬೈಲ್ ಹೇಳುತ್ತದೆ. ಹುಡುಗಿಯರು ಸ್ಕೂಟಿ ಏರಿ ಸಿಂದಗಿ ತನಕ ಹೋಗಿ ಬರುತ್ತೀರಿ. ಆದರೆ ಮೊನ್ನೆ ನಿಮ್ಮಪ್ಪನ ಪಿಕಪ್ ವೇಗ ಇಳಿಸಿದಾಗಲೆಲ್ಲ ನಿಲ್ಲುತ್ತಿತ್ತಲ್ಲ, ಮೊಬೈಲ್ ಏನೂ ತೋರಿಸಲಿಲ್ಲ. ಡೀಸೆಲ್ ಪೈಪಿನ ಮೇಲೆ ಒದ್ದೆ ಕಂಡು, ಅದು ಸೀಳಿದೆ ಎಂದವಳು ನಿಮ್ಮ ತಂಗಿ, ನನ್ನ ಚಿಕ್ಕ ಮೊಮ್ಮಗಳು. ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮಪ್ಪ ಬೀಗರ ಮುಂದೆ, “ಮೆಕ್ಯಾನಿಕ್ ಭಾಳ ಶಾಣ್ಯಾ ಅದಾನ್ರಿ” ಎಂದ.

ನಾನು ಅವನ ತಾಟು ಎಳೆದಿಟ್ಟುಕೊಂಡೆ. “ಯಾರು ಹುಡುಕಿದ್ರು? ಹೆಸರು ಹೇಳು. ಆಮ್ಯಾಲ ಉಣ್ಣು.” ಬೀಗರು ಕೈ ತಡೆದು ನೋಡಿದರು. ಅವನು ಮುಖ ಕೆಂಪಗೆ ಮಾಡಿಕೊಂಡು ಎರಡು ಸಲ ತಾಟಿಗೆ ಕೈ ಚಾಚಿದ, ಕೊನೆಗೆ ಮಗಳ ಹೆಸರು ಹೇಳಿದ. ಅಷ್ಟರಲ್ಲಿ ಊಟ ಆರಿತ್ತು. ಆರಲಿ.