‘ಮೈಸೂರು’ ಡ್ರಾಯರಿನ ಮುಂದೆ ಸಿಕ್ಕಿಬಿದ್ದವರು

ಕೋಟಿನ ಜೇಬಿಗೆ ಕೈ ಹಾಕಿದ್ದ ಆ ಹಿರಿಯರನ್ನು ಡ್ರಾಯರಿನ ಪಕ್ಕದಲ್ಲೇ ತಡೆದು ನಿಲ್ಲಿಸಿದೆ. ಎಂಬತ್ತರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ಲೈಬ್ರರಿಯೊಂದರಲ್ಲಿ ಪುಸ್ತಕಗಳ ವಿವರದ ಕಾರ್ಡು ಟೈಪು ಮಾಡಿ ವಿಷಯವಾರು ಡ್ರಾಯರುಗಳಲ್ಲಿ ಜೋಡಿಸುವುದು ನನ್ನ ಕೆಲಸವಾಗಿತ್ತು. ಅವರು ಮೂರು ದಿನದಿಂದ ‘ಮೈಸೂರು’ ಡ್ರಾಯರನ್ನೇ ತಡಕುತ್ತಾ ಕನ್ನಡದಲ್ಲಿ ಗೊಣಗುತ್ತಿದ್ದರು. ನಾನು ಹತ್ತಿರ ಹೋದರೆ ಡ್ರಾಯರು ಮುಚ್ಚಿ ಕಿಟಕಿಯತ್ತ ತಿರುಗುತ್ತಿದ್ದರು. ಕಾರ್ಡು ಕದಿಯುತ್ತಿದ್ದಾರೆಂದೇ ನನ್ನ ಗುಮಾನಿ.

“ಜೇಬಲ್ಲಿ ಏನಿದೆ ಸಾರ್?” ಎಂದೆ.

ಹೊರಬಂದದ್ದು ಭೂತಗನ್ನಡಿ. “ಹೋದ್ಸಲ ಮಗಳ ಮನೆಗೆ ಬಂದಾಗ ನಮ್ಮಪ್ಪ ಬರೆದ ಕೆರೆಗಳ ರಿಪೋರ್ಟಿನ ಕಾರ್ಡು ಇಲ್ಲೇ ನೋಡಿದ್ದೆ ಕಣಮ್ಮ. ಈಗಿಲ್ಲ. ತೆಗೆದು ಬಿಸಾಕಿದೋಳು ನೀನೇನಾ?”

ತೆಗೆದವಳು ನಾನೇ. ರಾಜ್ಯದ ಹೆಸರು ಬದಲಾಗಿ ವರ್ಷಗಳಾಗಿದ್ದವು. ಆ ಚಳಿಗಾಲದಲ್ಲಿ ಮೈಸೂರು ನಗರದ ಕಾರ್ಡುಗಳನ್ನು ಮಾತ್ರ ಅಲ್ಲೇ ಬಿಟ್ಟು, ರಾಜ್ಯದವನ್ನೆಲ್ಲ ‘ಕರ್ನಾಟಕ’ದ ಡ್ರಾಯರಿಗೆ ಸಾಗಿಸಿದ್ದೆ. ಹಳೆಯ ಜಾಗದಲ್ಲಿ ‘ಕರ್ನಾಟಕ ನೋಡಿ’ ಎಂಬ ಒಂದು ಕಾರ್ಡು ಇಡಬೇಕಿತ್ತು, ಮರೆತಿದ್ದೆ. ಸರ್ಕಾರಿ ರಿಪೋರ್ಟಾದ್ದರಿಂದ ಕಾರ್ಡಿನಲ್ಲಿ ಅವರ ತಂದೆಯ ಹೆಸರೂ ಇರಲಿಲ್ಲ, ಹೆಸರು ಹಿಡಿದು ಹುಡುಕುವಂತೆಯೂ ಇರಲಿಲ್ಲ. ಅದನ್ನು ‘ಕರ್ನಾಟಕ’ದ ಡ್ರಾಯರಿನಿಂದ ಹುಡುಕಿ ತೋರಿಸಿದಾಗಲೂ ಅವರ ಹುಬ್ಬುಗಂಟು ಸಡಿಲಲಿಲ್ಲ. “ಅಪ್ಪ ತೀರಿಹೋದಾಗ ಕರ್ನಾಟಕ ಅನ್ನೋ ರಾಜ್ಯಾನೇ ಇರಲಿಲ್ಲವಲ್ಲಮ್ಮ, ನಾನ್ಯಾಕೆ ಅಲ್ಲಿ ಹುಡುಕಲಿ?” ಎಂದರು.

ದಾರಿ ತೋರುವ ಆ ಕಾರ್ಡನ್ನು ಅವತ್ತೇ ಟೈಪು ಮಾಡಿ ‘ಮೈಸೂರು’ ಡ್ರಾಯರಿಗೆ ಸೇರಿಸಿದೆ. ಮರುದಿನ ಅವರು ಮತ್ತೆ ಬಂದರು. ಭೂತಗನ್ನಡಿ ಹಿಡಿದು ಮೊದಲು ಆ ಕಾರ್ಡನ್ನು ನೋಡಿದರು, ಆಮೇಲೆ ಅದರಲ್ಲೇ ನನ್ನನ್ನು.